ಇಳಿಯುವವನೇ ಗಿರಾಕಿ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಠರಾವು ಬಂತು. ಸಂಘದ ಕಟ್ಟಡದ ಎದುರಿಗಿರುವ ಬಸ್ ಸ್ಟಾಪನ್ನು ಇನ್ನೂರು ಮೀಟರು ಆಚೆ, ನಾಲೆಯ ಬದಿಗೆ ಸ್ಥಳಾಂತರಿಸಿ, ತೆರವಾದ ಜಾಗದಲ್ಲಿ ಕಾರುಗಳನ್ನು ನಿಲ್ಲಿಸಲು ಅನುಕೂಲ ಮಾಡಿಕೊಡಬೇಕೆಂದು ಮಹಾನಗರಪಾಲಿಕೆಗೆ ಮನವಿ ಸಲ್ಲಿಸುವುದು, ಆ ಮನವಿಗೆ ಸಂಘದ ಮೊಹರು ಒತ್ತುವುದು - ಇಷ್ಟು ಅದರ ಸಾರಾಂಶ. ಠರಾವನ್ನು ತಂದವರು ಪರಕೀಯರಲ್ಲ. ಇದೇ ರಸ್ತೆಯಲ್ಲಿ ಹೋಟೆಲು ನಡೆಸುವ ನಮ್ಮವರೇ ನಾಲ್ವರು, ಅವರ ಜೊತೆಗೆ ಒಬ್ಬ ಜವಳಿ ಅಂಗಡಿಯವರು. ಸಂಘದ ವಾರ್ಷಿಕೋತ್ಸವಕ್ಕೆ ಊಟ ಹಾಕಿಸುವವರು ಇವರೇ, ನಾಡಹಬ್ಬಕ್ಕೆ ದೇಣಿಗೆ ಕೊಡುವವರೂ ಇವರೇ. ಹಾಗಾಗಿ ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ನಾವು ಎದ್ದು ವಿರೋಧಿಸಿದೆವು. “ನೀವು ಸರಕಾರಿ ಕಾರಕೂನರು ಮಾರಾಯ್ರೇ, ಒಂದನೆಯ ತಾರೀಕಿಗೆ ಪಗಾರ ಬರುತ್ತದೆ. ವ್ಯಾಪಾರದ ಕಷ್ಟ ನಿಮಗೇನು ಗೊತ್ತು?” ಎಂದು ಹಿರಿಯರೊಬ್ಬರು ನಗುತ್ತಲೇ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ವ್ಯಾಪಾರ ನಮಗೆ ಗೊತ್ತಿಲ್ಲ. ಆದರೆ ಗಿರಾಕಿಯ ಕೆಲಸವನ್ನು ನಾವು ಈ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ತಪ್ಪದೆ ಮಾಡುತ್ತಾ ಬಂದಿದ್ದೇವೆ. ಬೆಳಿಗ್ಗೆ ಎಂಟೂಕಾಲಕ್ಕೆ ಬಸ್ಸಿಗೆ ಮೊದಲು ಒಂದು ಪ್ಲೇಟು ಇಡ್ಲಿ, ಸಂಜೆ ಬಸ್ಸಿಳಿದ ಮೇಲೆ ಒಂದು ಕಟಿಂಗ್ ಚಹಾ. ಠರಾವನ್ನು ಮುಂದಿನ ಸಭೆಗೆ ಮುಂದೂಡಿದ್ದಾರೆ. ಅಷ್ಟರೊಳಗೆ ನಮ್ಮ ಮಾತನ್ನು ಬರೆದು ಕೊಡಿ ಎಂದು ಸಂಪಾದಕರು ಹೇಳಿದ್ದರಿಂದ ಈ ಲೇಖನ. ಯಾರಿಗೂ ನೋವಾಗದಂತೆ ಬರೆಯಿರಿ ಎಂದೂ ಹೇಳಿದ್ದಾರೆ. ಆ ಭಾಗವನ್ನು ಪಾಲಿಸುವುದು ಕಷ್ಟ.

ನಮ್ಮ ಹಿರಿಯರು ಈ ಊರಿಗೆ ಬಂದು ಹೋಟೆಲು ಇಟ್ಟದ್ದು ಎಲ್ಲೆಲ್ಲಿ ಎಂಬುದನ್ನು ಒಮ್ಮೆ ನೆನೆಯೋಣ. ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿ, ಗಿರಣಿಗಳ ಗೇಟಿನೆದುರು, ಟ್ರಾಮು ನಿಲ್ಲುವ ಕಡೆ, ಕೋಟೆ ಪ್ರದೇಶದ ಕಚೇರಿಗಳ ಓಣಿಯಲ್ಲಿ. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಮಧ್ಯ ರೈಲ್ವೆಯ ಮಾಟುಂಗಾ ಸ್ಟೇಷನ್ನಿನಿಂದ ಹೊರಬಿದ್ದವನ ಮೂಗಿಗೆ ಸಾರಿನ ಪರಿಮಳ ತಟ್ಟುವಷ್ಟು ಹತ್ತಿರದಲ್ಲಿದೆ. ಅವರು ನಗರ ಯೋಜನೆಯ ಪುಸ್ತಕ ಓದಿ ಆ ಜಾಗ ಹಿಡಿದವರಲ್ಲ. ಜನ ಎಲ್ಲಿ ಇಳಿಯುತ್ತಾರೋ ಅಲ್ಲಿ ಹಸಿವೂ ಇಳಿಯುತ್ತದೆ ಎಂಬುದು ಅನುಭವದಿಂದ ಗೊತ್ತಿತ್ತು. ಮುಂಬಯಿಯಲ್ಲಿ ಟ್ರಾಮು ನಿಂತದ್ದು 31 ಮಾರ್ಚ್ 1964ರಂದು. ಅರುವತ್ತು ವರ್ಷಗಳ ಮೇಲಾದರೂ ಜನ ಇನ್ನೂ ‘ದಾದರ್ ಟಿ.ಟಿ.’ ಎನ್ನುತ್ತಾರೆ. ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಟ್ರಾಮು ಹೋಯಿತು, ಆದರೆ ಜನ ಇಳಿಯುವ ಅಭ್ಯಾಸ ಹೋಗಲಿಲ್ಲ. ಅದಕ್ಕೇ ಆ ಸುತ್ತಿನ ಅಂಗಡಿಗಳು ಉಳಿದವು.

ಜನ ಇಳಿಯುವುದು ನಿಂತರೆ ಏನಾಗುತ್ತದೆ ಎಂಬುದಕ್ಕೂ ಈ ಊರಿನಲ್ಲೇ ಸಾಕ್ಷಿಯಿದೆ. 18 ಜನವರಿ 1982ರಂದು ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮನೆಯಲ್ಲಿ ಕುಳಿತರು. ಬಹುಪಾಲು ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ. ಪರೇಲು, ಲಾಲ್‌ಬಾಗು, ವರ್ಲಿಗಳಲ್ಲಿ ಮೂರು ಪಾಳಿಯ ಜನರನ್ನೇ ನಂಬಿದ್ದ ಖಾನಾವಳಿಗಳು, ಚಹಾದ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂದು ಅದೇ ಗಿರಣಿಗಳ ನೆಲದ ಮೇಲೆ ಗಾಜಿನ ಗೋಪುರಗಳಿವೆ. ದುಡ್ಡು ಹಿಂದಿಗಿಂತ ನೂರು ಪಾಲು ಹೆಚ್ಚಾಗಿ ಅಲ್ಲಿ ಓಡಾಡುತ್ತಿರಬಹುದು. ಆದರೆ ದೊಡ್ಡ ಸಾಹೇಬರ ಕಾರು ನೇರ ನೆಲಮಾಳಿಗೆಗೆ ಹೋಗುತ್ತದೆ, ನೆಲಮಾಳಿಗೆಯಿಂದ ಲಿಫ್ಟು ಅವರನ್ನು ಮೂವತ್ತನೆಯ ಮಹಡಿಗೆ ಒಯ್ಯುತ್ತದೆ. ಅವರ ಬೂಟು ರಸ್ತೆಯ ಮಣ್ಣನ್ನು ಸೋಕುವುದೇ ಇಲ್ಲ. ಅಂಥವರಿಂದ ಬೀದಿಯ ಹೋಟೆಲಿಗೆ ಏನು ಬಂದೀತು? ಬೀದಿಯಲ್ಲಿ ತಿನ್ನುವವರು ಅದೇ ಗೋಪುರದ ಕಾರಕೂನರು, ಜವಾನರು, ಕಾವಲುಗಾರರು. ಅವರು ಬರುವುದು ಲೋಕಲಿನಲ್ಲಿ, ಬಸ್ಸಿನಲ್ಲಿ.

ಅವರು ಹೇಗೆ ಬರುತ್ತಾರೆ ಎಂದು ಕೇಳಿದವರಿದ್ದಾರೆಯೇ? 29 ಸೆಪ್ಟೆಂಬರ್ 2017ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಮಳೆಗೆ ನಿಂತ ಜನರ ನಡುವೆ ನೂಕುನುಗ್ಗಲಾಗಿ 23 ಮಂದಿ ಸತ್ತರು. ಗಿರಣಿಗಳ ನೆಲದ ಮೇಲೆ ಕಚೇರಿಗಳೆದ್ದವು, ಅಲ್ಲಿ ಇಳಿಯುವ ಜನ ಹೆಚ್ಚಿದರು, ಮೆಟ್ಟಿಲು ಮಾತ್ರ ಹೆಚ್ಚಲಿಲ್ಲ. ಅದಕ್ಕೆ ಸರಿಯಾಗಿ ಹದಿನೈದು ದಿನ ಮೊದಲು, 14 ಸೆಪ್ಟೆಂಬರ್ 2017ರಂದು, ಮುಂಬಯಿ - ಅಹಮದಾಬಾದ್ ಬುಲೆಟ್ ರೈಲಿಗೆ ಶಂಕುಸ್ಥಾಪನೆಯಾಗಿತ್ತು. 508 ಕಿಲೋಮೀಟರು, ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ವೇಗದ ರೈಲು ಬೇಡವೆಂದು ನಾವು ಹೇಳುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ನಮ್ಮ ಪ್ರಶ್ನೆ. ಈಗಲೂ ಮುಂಬಯಿಯ ಲೋಕಲು ಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನ ಹಳಿ ದಾಟುತ್ತಲೋ ಬಾಗಿಲಿನಿಂದ ಬಿದ್ದೋ ಸಾಯುತ್ತಾರೆ. 9 ಜೂನ್ 2025ರಂದು ಮುಂಬ್ರಾದ ಬಳಿ ಎದುರುಬದುರಾದ ಎರಡು ಲೋಕಲುಗಳಿಂದ ಜನ ಉದುರಿಬಿದ್ದ ಸುದ್ದಿಯನ್ನು ಎಲ್ಲರೂ ಓದಿದೆವು, ಮರುದಿನ ಅದೇ ಗಾಡಿಗೆ ಜೋತುಬಿದ್ದು ಕೆಲಸಕ್ಕೆ ಹೋದೆವು.

ಇನ್ನು ರಸ್ತೆಗಳ ಮಾತು. ಈ ಊರಿನಲ್ಲಿ 1990ರ ದಶಕದ ಕೊನೆಗೆ ಮೇಲ್ಸೇತುವೆಗಳ ಭರಾಟೆ ಹತ್ತಿತು. ಐವತ್ತಕ್ಕೂ ಮಿಕ್ಕಿ ಮೇಲ್ಸೇತುವೆಗಳ ಯೋಜನೆ ಹಾಕಿದರು. ಜೆ. ಜೆ. ಆಸ್ಪತ್ರೆಯ ಬಳಿಯಿಂದ ಹೊರಟು ಮಹಮ್ಮದಲಿ ರಸ್ತೆಯ ನೆತ್ತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದಕ್ಕೆ ಹಾಯುವ ಸೇತುವೆಯನ್ನು ನೀವೆಲ್ಲ ಬಲ್ಲಿರಿ. ಮೇಲಿನಿಂದ ಹೋಗುವವನಿಗೆ ಸುಖ, ಸಂದೇಹವಿಲ್ಲ. ಕೆಳಗಿನ ಅಂಗಡಿಯವನ ಲೆಕ್ಕದಲ್ಲಿ ನೋಡಿ: ಆತನ ಎದುರು ಹಾದುಹೋಗುತ್ತಿದ್ದ ಗಿರಾಕಿ ಈಗ ಆತನ ತಲೆಯ ಮೇಲಿನಿಂದ ಹಾದುಹೋಗುತ್ತಿದ್ದಾನೆ. ಎರಡನೆಯ ಮಹಡಿಯ ಕಿಟಕಿಯ ಪಕ್ಕದಲ್ಲಿ ಓಡುವ ಕಾರು ಕೆಳಗಿಳಿದು ಒಂದು ಸೇರು ಖರ್ಜೂರ ಕೊಳ್ಳುವುದಿಲ್ಲ. ಸ್ಟೇಷನ್ನುಗಳ ಹೊರಗೆ ಕಟ್ಟಿದ ಸ್ಕೈವಾಕುಗಳದ್ದೂ ಇದೇ ಕಥೆ. ಬೀದಿಯನ್ನು ಸರಿಪಡಿಸುವ ಬದಲು ಜನರನ್ನೇ ಬೀದಿಯಿಂದ ಎತ್ತಿ ಮೇಲೆ ನಡೆಸಿದರು.

ಇದರ ಪರಾಕಾಷ್ಠೆ ಎಂದರೆ ಕರಾವಳಿ ರಸ್ತೆ, ಅರ್ಥಾತ್ ಕೋಸ್ಟಲ್ ರೋಡ್. 11 ಮಾರ್ಚ್ 2024ರಂದು ಅದರ ಮೊದಲ ಭಾಗ ತೆರೆದಾಗ ನಮ್ಮ ಹೋಟೆಲು ಬಂಧುಗಳು ಕೆಲವರು ‘ಇನ್ನು ಊರಿನ ವ್ಯಾಪಾರಕ್ಕೆ ಶುಕ್ರದೆಸೆ’ ಎಂದು ಹಿಗ್ಗಿದರು. ಪ್ರಿನ್ಸೆಸ್ ಸ್ಟ್ರೀಟ್ ಮೇಲ್ಸೇತುವೆಯಿಂದ ವರ್ಲಿಯವರೆಗೆ 10.58 ಕಿಲೋಮೀಟರು. ಮಲಬಾರ್ ಹಿಲ್ಲಿನ ಬುಡದಲ್ಲಿ ಎರಡು ಕಿಲೋಮೀಟರಿನ ಜೋಡಿ ಸುರಂಗ. ಖರ್ಚು 13,000 ಕೋಟಿಗೂ ಮೇಲೆ, ಅದೂ ಮಹಾನಗರಪಾಲಿಕೆಯ ತಿಜೋರಿಯಿಂದ. ಇಷ್ಟುದ್ದದ ರಸ್ತೆಯಲ್ಲಿ ಅಂಗಡಿ ಎಷ್ಟು? ಒಂದೂ ಇಲ್ಲ. ಇರಲೂ ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಇಳಿಯುವುದೇ ಇಲ್ಲ. ಸೈಕಲ್ಲು, ಸ್ಕೂಟರು, ರಿಕ್ಷಾ, ಭಾರೀ ಸರಕು ಲಾರಿ ಇವುಗಳಿಗೆ ಪ್ರವೇಶವಿಲ್ಲ. ಅಂದರೆ ಹೋಟೆಲಿನಿಂದ ಊಟ ಒಯ್ಯುವ ಹುಡುಗನ ಸ್ಕೂಟರಿಗೂ ಇಲ್ಲ. ಬಸ್ಸಿಗೆ ಅವಕಾಶವಿದೆಯಲ್ಲ ಎಂದು ಹೇಳುವವರು ಅಲ್ಲಿ ನಿಂತು ಒಂದು ಗಂಟೆ ಬಸ್ಸೆಷ್ಟು ಕಾರೆಷ್ಟು ಎಂದು ಎಣಿಸಿ ಬರಲಿ.

ನಾವು ಓದಿದ್ದು ಬಿ.ಎಸ್‌ಸಿ. ಕಚೇರಿಗೆ ಸೇರಿದ ಮೇಲೆ ಅದರಲ್ಲಿ ಕೂಡಿಸುವುದು ಕಳೆಯುವುದು ಮಾತ್ರ ಉಳಿದಿದೆ. ಅಷ್ಟರಲ್ಲೇ ಲೆಕ್ಕ ಹಾಕೋಣ. 13,000 ಕೋಟಿಯನ್ನು ಹತ್ತೂವರೆ ಕಿಲೋಮೀಟರಿಗೆ ಭಾಗಿಸಿದರೆ ಕಿಲೋಮೀಟರಿಗೆ 1,200 ಕೋಟಿಯ ಮೇಲಾಯಿತು. ಪೂರ್ಣ ಗಾತ್ರದ ಒಂದು ವಿದ್ಯುತ್ ಬಸ್ಸಿಗೆ ಒಂದೂವರೆ ಕೋಟಿ ಎಂದೇ ಹಿಡಿದರೂ ಆ ರಸ್ತೆಯ ಒಂದು ಕಿಲೋಮೀಟರಿಗೆ 800 ಬಸ್ಸು. ಬಸ್ಸು ಕೊಂಡರೆ ಸಾಲದು, ಓಡಿಸಲೂ ದುಡ್ಡು ಬೇಕು, ಡ್ರೈವರ್ ಕಂಡಕ್ಟರರಿಗೆ ಪಗಾರ ಕೊಡಬೇಕು, ಸರಿ. ಎರಡು ಕಿಲೋಮೀಟರು ಕಡಮೆ ಕಟ್ಟಿದ್ದರೆ ಬಹಳ ವರ್ಷದ ಪಗಾರವೂ ಹೊರಡುತ್ತಿತ್ತು.

ಆ ಬಸ್ಸಿನ ಸಂಸ್ಥೆಯ ಅವಸ್ಥೆ ನೋಡಿ. 1874ರಲ್ಲಿ ಕುದುರೆ ಎಳೆಯುವ ಟ್ರಾಮಿನಿಂದ ಆರಂಭವಾದದ್ದು. 15 ಜುಲೈ 1926ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟಿಗೆ ಮೊದಲ ಬಸ್ಸು ಓಡಿಸಿದ್ದು. ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, 7 ಆಗಸ್ಟ್ 1947ರಂದು, ಮುನಿಸಿಪಾಲಿಟಿಯ ಒಡೆತನಕ್ಕೆ ಬಂದದ್ದು. ಒಂದು ಕಾಲಕ್ಕೆ ದೇಶದಲ್ಲೇ ಮಾದರಿ ಎನಿಸಿದ್ದ ಈ ‘ಬೆಸ್ಟ್’ ಹದಿನೈದು ವರ್ಷಗಳ ಹಿಂದೆ 4,000ಕ್ಕೂ ಮಿಕ್ಕಿ ಬಸ್ಸುಗಳನ್ನು ಓಡಿಸುತ್ತಿತ್ತು. 2025ರಲ್ಲಿ ಅದು 3,000ಕ್ಕಿಂತ ಕೆಳಗಿಳಿದಿತ್ತು, ಅದರಲ್ಲೂ ಹೆಚ್ಚಿನವು ಗುತ್ತಿಗೆದಾರರ ಬಾಡಿಗೆ ಬಸ್ಸುಗಳು. ಊರು ಬೆಳೆಯಿತು, ಬಸ್ಸು ಕುಗ್ಗಿತು. 2019ರ ಜುಲೈಯಲ್ಲಿ ಕನಿಷ್ಠ ದರವನ್ನು ಐದು ರೂಪಾಯಿಗೆ ಇಳಿಸಿದಾಗ ಬಸ್ಸುಗಳು ಮತ್ತೆ ತುಂಬಿ ತುಳುಕಿದವು. ಜನರಿಗೆ ಬಸ್ಸು ಬೇಡವಾಗಿದೆ ಎಂಬ ವಾದ ಎಷ್ಟು ಪೊಳ್ಳೆಂಬುದು ಆಗಲೇ ತಿಳಿಯಿತು. 2025ರ ಮೇ ತಿಂಗಳಲ್ಲಿ ಆ ಐದು ಹತ್ತಾಯಿತು. ಹತ್ತು ರೂಪಾಯಿ ಯಾವ ಲೆಕ್ಕ ಎನ್ನಬೇಡಿ. ಗಂಡ ಹೆಂಡತಿ ಇಬ್ಬರು ಮಕ್ಕಳು ಸಂಜೆ ಮಾರ್ಕೆಟಿಗೆ ಹೋಗಿಬಂದರೆ ಎಷ್ಟಾಯಿತು? ಅದೇ ವರ್ಷದ ಪಾಲಿಕೆಯ ಆಯವ್ಯಯ 74,427 ಕೋಟಿ. ಅದರಲ್ಲಿ ಬೆಸ್ಟಿಗೆ ಕೊಟ್ಟ ನೆರವು 1,000 ಕೋಟಿ. ನೂರು ರೂಪಾಯಿಗೆ ಒಂದು ರೂಪಾಯಿ ಮೂವತ್ತನಾಲ್ಕು ಪೈಸೆ! ಬೆಸ್ಟಿಗೆ ನಷ್ಟ ಎಂದು ಎಲ್ಲರೂ ಹೇಳುತ್ತಾರೆ. ಕರಾವಳಿ ರಸ್ತೆಯಲ್ಲಿ ಟೋಲಿಲ್ಲ, ಅದರಿಂದ ಒಂದು ಕಾಸೂ ಬರುವುದಿಲ್ಲ. ಅದನ್ನು ಯಾರೂ ನಷ್ಟ ಎನ್ನುವುದಿಲ್ಲ, ಅಭಿವೃದ್ಧಿ ಎನ್ನುತ್ತಾರೆ. ನಮ್ಮ ಕಚೇರಿಯಲ್ಲಿ ಹೀಗೆ ಲೆಕ್ಕ ಬರೆದರೆ ಆಡಿಟಿನವರು ಸುಮ್ಮನಿರುತ್ತಾರೆಯೇ?

ಇನ್ನೊಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ಬಸ್ಸಿನ ದರ ಇಮ್ಮಡಿಯಾದದ್ದು ಆ ಅವಧಿಯಲ್ಲೇ. ನಗರಸೇವಕನಿದ್ದಾಗ ಆತನೇನೂ ಧರ್ಮರಾಯನಾಗಿರಲಿಲ್ಲ, ನಿಜ. ಆದರೂ ಬಸ್ಸು ನಿಂತರೆ ಆತನ ಬಾಗಿಲಿಗೆ ಹೋಗಿ ಕೂಗಾಡಬಹುದಿತ್ತು.

ಈಗ ನಮ್ಮ ಬೀದಿಗೆ ಬರೋಣ. ಠರಾವಿನ ಪರವಾಗಿರುವವರ ಮೊದಲನೆಯ ವಾದ: ‘ಕಾರಿನಲ್ಲಿ ಬರುವವನ ಬಿಲ್ಲು ದೊಡ್ಡದು, ಬಸ್ಸಿನವನು ಒಂದು ಚಹಾ ಕುಡಿದು ಅರ್ಧ ಗಂಟೆ ಪೇಪರು ಓದುತ್ತಾನೆ.’ ಎರಡನೆಯ ಭಾಗ ನಮ್ಮನ್ನೇ ಉದ್ದೇಶಿಸಿದ್ದು ಎಂದು ತಿಳಿದಿದ್ದೇವೆ. ಇರಲಿ. ಒಂದು ಬಸ್ ಸ್ಟಾಪಿಗೆ ಬೇಕಾದ ಜಾಗದಲ್ಲಿ ಹೆಚ್ಚೆಂದರೆ ಮೂರು ಕಾರು ನಿಲ್ಲುತ್ತವೆ. ಒಂದೊಂದು ಕಾರಿನಲ್ಲಿ ಇಬ್ಬರೆಂದು, ಆರೂ ಮಂದಿ ಬೇರೆಲ್ಲೂ ಹೋಗದೆ ನಮ್ಮ ಹೋಟೆಲಿಗೇ ಬಂದರೆಂದು, ಒಂದು ಗಂಟೆಯಲ್ಲಿ ಎದ್ದು ಹೋದರೆಂದು ಉದಾರವಾಗಿ ಹಿಡಿಯೋಣ. ಗಂಟೆಗೆ ಆರು ಗಿರಾಕಿ. ಬಸ್ಸು ಐದು ನಿಮಿಷಕ್ಕೊಂದು ಬಂದು ಒಂದೊಂದರಿಂದ ಎಂಟು ಜನ ಇಳಿದರೆ ಗಂಟೆಗೆ ತೊಂಬತ್ತಾರು ಜನ. ಅವರಲ್ಲಿ ಎಂಟಕ್ಕೆ ಒಬ್ಬ ಹೋಟೆಲು ಹೊಕ್ಕರೂ ಹನ್ನೆರಡಾಯಿತು. ಉಳಿದ ಎಂಬತ್ತನಾಲ್ಕು ಮಂದಿ ಔಷಧಿ ಅಂಗಡಿ, ಹೂವಿನ ಬುಟ್ಟಿ, ಚಪ್ಪಲಿ ಹೊಲಿಯುವವ, ಜವಳಿ ಅಂಗಡಿಯ ಷೋಕೇಸು ಇವನ್ನೆಲ್ಲ ನೋಡುತ್ತಾ ನಡೆದು ಹೋಗುತ್ತಾರೆ. ಇವತ್ತು ನೋಡಿದ ಸೀರೆಯನ್ನು ಪಗಾರವಾದ ಮೇಲೆ ಕೊಳ್ಳುತ್ತಾರೆ. ಕಾರಿನ ಬಿಲ್ಲು ದೊಡ್ಡದೆಂಬುದು ಸುಳ್ಳಲ್ಲ. ಆದರೆ ಕಾರಿನವನು ಬರುವುದು ಭಾನುವಾರ, ಹೊಸ ಹೋಟೆಲು ತೆರೆಯುವವರೆಗೆ. ಬಸ್ಸಿನವನು ಬರುವುದು ವರ್ಷಕ್ಕೆ ಮುನ್ನೂರು ದಿನ. ಅಂಗಡಿಯ ಬಾಡಿಗೆ, ಗ್ಯಾಸು, ಕರೆಂಟು ಇವುಗಳ ಬಿಲ್ಲು ಭಾನುವಾರ ಮಾತ್ರ ಬರುತ್ತದೆಯೇ?

ಇದು ಬರಿಯ ಕಾಗದದ ಲೆಕ್ಕ ಎನ್ನುವವರಿಗೆ ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ನಮ್ಮ ಉಪನಗರದ ಇನ್ನೊಂದು ಮಗ್ಗುಲಲ್ಲಿ ನಮ್ಮವರದೇ ಒಂದು ಹಳೆಯ ಹೋಟೆಲಿತ್ತು. ಹೆಸರು ಬೇಡ, ಮಾಲಕರು ಸಂಕೋಚದ ಮನುಷ್ಯರು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆಯುತ್ತಿದ್ದರು. ಏಳರಿಂದ ಹತ್ತರವರೆಗೆ ಕೂರಲು ಜಾಗವಿರುತ್ತಿರಲಿಲ್ಲ, ಜನ ನಿಂತೇ ವಡೆ ತಿಂದು ಓಡುತ್ತಿದ್ದರು. ರಸ್ತೆಯಲ್ಲಿ ಕಾಮಗಾರಿ ಆರಂಭವಾದಾಗ ಎದುರಿನ ಬಸ್ ಸ್ಟಾಪನ್ನು ತಾತ್ಕಾಲಿಕ ಎಂದು ಹೇಳಿ ಮುಂದಿನ ಸಿಗ್ನಲಿನ ಆಚೆಗೆ ಒಯ್ದರು. ಹೋಟೆಲಿನ ಮುಂದೆ ತಗಡಿನ ಬೇಲಿ ಬಂತು. ಬೇಲಿ ಮೂರು ವರ್ಷ ಇತ್ತು. ಮೊದಲನೆಯ ವರ್ಷ ಅವರು ಬೆಳಗಿನ ಇಬ್ಬರು ಮಾಣಿಗಳನ್ನು ಬಿಟ್ಟರು, ಎರಡನೆಯ ವರ್ಷ ಇಡ್ಲಿ ಭಟ್ಟರನ್ನು. ಕೊನೆಗೆ ತಗಡು ತೆಗೆದಾಗ ರಸ್ತೆ ಚೆನ್ನಾಗಿಯೇ ಆಗಿತ್ತು, ಕಾರುಗಳು ಸರಾಗವಾಗಿ ಓಡತೊಡಗಿದವು. ಬಸ್ ಸ್ಟಾಪು ಮಾತ್ರ ಹಿಂದಿರುಗಿ ಬರಲಿಲ್ಲ. ಮಾಲಕರು ನಾಲ್ಕು ಅರ್ಜಿ ಬರೆದರು, ಎರಡನ್ನು ನಾವೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆವು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಒಂದಕ್ಕೆ ಬಂತು. ಈಗ ಅಲ್ಲಿ ಮೊಬೈಲು ಫೋನಿನ ಅಂಗಡಿಯಿದೆ. ಮಾಲಕರು ಕಾರ್ಕಳದ ಬಳಿ ಊರಿನಲ್ಲಿದ್ದಾರೆ. ಹೋದ ಮಳೆಗಾಲದಲ್ಲಿ ಫೋನು ಮಾಡಿದಾಗ ಮೊದಲು ಕೇಳಿದ್ದು ಬಸ್ ಸ್ಟಾಪು ವಾಪಸು ಬಂತೇ ಎಂದು.

ಎರಡನೆಯ ವಾದ ಇತ್ತೀಚಿನದು: ‘ಈಗ ಯಾರು ಸ್ವಾಮಿ ನಡೆದು ಬರುತ್ತಾರೆ? ಮೊಬೈಲು ಒತ್ತಿದರೆ ಮನೆಬಾಗಿಲಿಗೆ ತಿಂಡಿ ಹೋಗುತ್ತದೆ.’ ಹೋಗುತ್ತದೆ. ಹೋಗುವಾಗ ನಿಮ್ಮ ಬಿಲ್ಲಿನ ನಾಲ್ಕನೆಯ ಒಂದು ಪಾಲಿನಷ್ಟನ್ನು ಕಮಿಷನ್ನೆಂದು ಮುರಿದುಕೊಂಡೇ ಹೋಗುತ್ತದೆ ಎಂದು ಗಲ್ಲಾದ ಮೇಲೆ ಕುಳಿತು ಗೋಳಾಡುವವರೂ ನೀವೇ ತಾನೇ? ಎದುರಿಗಿನ ಬಸ್ ಸ್ಟಾಪು ಐವತ್ತು ವರ್ಷಗಳಿಂದ ನಿಮಗೆ ಗಿರಾಕಿಗಳನ್ನು ತಂದುಕೊಟ್ಟಿದೆ. ಕಮಿಷನ್ನು ಕೇಳಿಲ್ಲ. ಮಳೆಗೆ ಅದರ ತಗಡು ಸೋರುತ್ತದೆ, ಒಂದು ಬೆಂಚು ಮುರಿದಿದೆ. ಕೃತಜ್ಞತೆಯಿಂದ ರಿಪೇರಿ ಮಾಡಿಸಬೇಕಾದವರು ಅದನ್ನು ನಾಲೆಯ ಬದಿಗೆ ಅಟ್ಟಲು ಹೊರಟಿದ್ದಾರೆ.

ಗಿರಾಕಿಗಳ ಮಾತು ಹಾಗಿರಲಿ, ಹೋಟೆಲಿನ ಕೆಲಸದವರ ಮಾತನ್ನು ಸಭೆಯಲ್ಲಿ ಯಾರೂ ಎತ್ತಲೇ ಇಲ್ಲ. ಹಿಂದೆ ಹುಡುಗರು ಹೋಟೆಲಿನಲ್ಲೇ, ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದರು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಇಂದು ಸಂಘದ ವೇದಿಕೆಯ ಮೇಲೆ ಕೂರುವ ಎಷ್ಟೋ ಗಣ್ಯರು ಹಾಗೆ ಮೇಲೆ ಬಂದವರು. ಈಗಿನವರು ಬೇರೆ. ಊರಿನ ಹುಡುಗರು ಕಡಮೆ. ನೇಪಾಳದವರು, ಒರಿಸ್ಸಾದವರು, ಉತ್ತರ ಪ್ರದೇಶದವರು ಹೆಚ್ಚು. ತರಕಾರಿ ಹೆಚ್ಚುವುದಕ್ಕೆ, ಪಾತ್ರೆಗೆ ಬರುವವರು ಸುತ್ತಲಿನ ಝೋಪಡಪಟ್ಟಿಯ ಹೆಂಗಸರು. ದೂರದಲ್ಲಿ ಬಾಡಿಗೆಯ ಖೋಲಿ ಹಿಡಿದಿರುವವರೇ ಬಹಳ. ಹೋಟೆಲಿನ ಬಾಗಿಲು ಎಳೆಯುವಾಗ ರಾತ್ರಿ ಹನ್ನೊಂದೂವರೆ, ಬಾಂಡಲೆ ತೊಳೆದು ನೆಲ ಒರೆಸಿದಾಗ ಹನ್ನೆರಡು. ಮೆಟ್ರೋ ಅಷ್ಟರಲ್ಲಿ ಮಲಗಿರುತ್ತದೆ. ಕೊನೆಯ ಲೋಕಲು ಒಂದು ಗಂಟೆಯ ಸುಮಾರಿಗೆ, ಅದನ್ನು ಹಿಡಿಯಲು ಸ್ಟೇಷನ್ನಿಗೆ ಹೋಗುವ ಬಸ್ಸು ಬೇಕು. ನಮ್ಮ ರಸ್ತೆಯ ಕೊನೆಯ ಬಸ್ಸನ್ನು ಎರಡು ವರ್ಷಗಳ ಹಿಂದೆ ಯಾರಿಗೂ ಹೇಳದೆ ತೆಗೆದರು. ಅಂದಿನಿಂದ ಆ ಹೆಂಗಸರಲ್ಲಿ ನಾಲ್ವರು ಒಂದು ರಿಕ್ಷಾ ಹಂಚಿಕೊಂಡು ಹೋಗುತ್ತಾರೆ, ದಿನಗೂಲಿಯಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಇಬ್ಬರು ಕೆಲಸ ಬಿಟ್ಟರಂತೆ. ‘ಜನವೇ ಸಿಗುವುದಿಲ್ಲ, ಕೆಲಸಕ್ಕೆ ನಿಲ್ಲುವುದಿಲ್ಲ’ ಎಂದು ನಮ್ಮ ಮಾಲಕರು ಹೇಳುತ್ತಾರೆ. ನಿಲ್ಲುವುದು ಹೇಗೆ? ಮನೆಗೆ ಹೋಗಬೇಡವೇ? ಈ ಬಸ್ಸಿಗಾಗಿ ಒಂದು ಠರಾವು ತರಲು ಇವರಿಗೆ ಹೊಳೆಯಲಿಲ್ಲ, ಕಾರಿನ ಜಾಗಕ್ಕೆ ಹೊಳೆಯಿತು.

ಮೆಟ್ರೋದ ವಿರುದ್ಧ ನಾವು ಬರೆಯುತ್ತಿದ್ದೇವೆಂದು ಯಾರೂ ತಿಳಿಯಬಾರದು. 2025ರ ಅಕ್ಟೋಬರದಲ್ಲಿ ಭೂಗತ ಮೆಟ್ರೋ ಆರೆಯಿಂದ ಕಫ್ ಪರೇಡಿನವರೆಗೆ ಪೂರ್ಣಗೊಂಡಾಗ ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿ ಕುಳಿತು ಬಂದೆವು, ಸಂತೋಷಪಟ್ಟೆವು. ಕಾಳಬಾದೇವಿ, ಗಿರ್‌ಗಾಂವ್‌ಗಳ ಅಂಗಡಿಗಳು ವರ್ಷಾನುಗಟ್ಟಲೆ ತಗಡಿನ ಹಿಂದೆ ಕುಳಿತು ಅದಕ್ಕೆ ಬೆಲೆ ತೆತ್ತಿವೆ ಎಂಬುದೂ ಆ ತಂಪು ಗಾಡಿಯಲ್ಲಿ ನೆನಪಾಯಿತು. ಆದರೆ ಮೆಟ್ರೋದಲ್ಲಿ ಬುಟ್ಟಿಯ ಹೆಂಗಸಿಗೆ, ಡಬ್ಬಾವಾಲನಿಗೆ ಲೋಕಲಿನಲ್ಲಿರುವಂತೆ ಹೊರೆಯ ಡಬ್ಬಿಯಿಲ್ಲ. ಸ್ಟೇಷನ್ನು ಹೊರಬಿದ್ದ ಮೇಲೆ ಮನೆಯವರೆಗೆ ಒಯ್ಯುವ ಬಸ್ಸಿಲ್ಲದಿದ್ದರೆ ಅದು ಅರ್ಧ ದಾರಿಯ ನೆಂಟ.

ಊರಿನ ಕಡೆಯವರೂ ನಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಏಳು ಸಾವಿರದ ಆಸುಪಾಸು ಬಸ್ಸುಗಳಿವೆ. ಅಲ್ಲಿಂದ ಬಂದ ನೆಂಟರೊಡನೆ ಬಸ್ಸಿನ ಮಾತು ಬಂದಾಗ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಟ್ಟಿಯನ್ನು ಬಿಟ್ಟಿದ್ದರು, ಅದು ಉಳಿಯಲಿಲ್ಲ. ಈಗ ಅಲ್ಲಿಯೂ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರುಗಳ ಸುರಂಗ ತೋಡುವ ಯೋಜನೆಯ ಜಪ. ಮುಂಬಯಿ ಮಾಡಿದ ತಪ್ಪನ್ನು ನೋಡಲು ಅವರು ರೈಲು ಹತ್ತಿ ಇಲ್ಲಿಯವರೆಗೆ ಬಂದರೆ ನಾವೇ ತೋರಿಸಿಕೊಂಡು ಬರುತ್ತೇವೆ.

ಕೊನೆಯದಾಗಿ ಒಂದು ಕಹಿ ಮಾತು. ಠರಾವಿನ ಹಿಂದೆ ವ್ಯಾಪಾರಕ್ಕಿಂತ ಬೇರೆಯದೊಂದು ಇದೆ ಎಂದು ನಮಗೆ ಅನಿಸುತ್ತದೆ. ನಮ್ಮವರಲ್ಲಿ ಅನುಕೂಲಸ್ಥರಾದವರು ಠಾಣೆಗೆ, ನವಿ ಮುಂಬಯಿಗೆ, ದೊಡ್ಡ ಫ್ಲ್ಯಾಟುಗಳಿಗೆ ಹೋದರು. ಹೋಟೆಲಿಗೂ ಸಂಘಕ್ಕೂ ಈಗ ಅವರು ಕಾರಿನಲ್ಲಿ ಬರುತ್ತಾರೆ. ಕಾರು ನಿಲ್ಲಿಸಲು ಜಾಗವಿಲ್ಲವೆಂಬುದು ಗಿರಾಕಿಯ ದೂರಲ್ಲ, ಮಾಲಕರ ದೂರು. ಅದು ತಪ್ಪೆಂದಲ್ಲ, ದುಡಿದು ಗಳಿಸಿದ ಕಾರು. ಆದರೆ ಒಬ್ಬರ ಕಾರಿಗೆ ನೂರು ಜನರ ಬಸ್ಸನ್ನು ನಾಲೆಯ ಬದಿಗೆ ಸರಿಸಬೇಕೆಂದು ಕೇಳುವಾಗ ಅದಕ್ಕೆ ‘ವ್ಯಾಪಾರಸ್ಥರ ಹಿತ’ ಎಂಬ ಹೆಸರಿಟ್ಟು, ಕನ್ನಡ ಸಂಘದ ಮೊಹರನ್ನು ಒತ್ತಬಾರದು. ಸಂಘದ ಗ್ರಂಥಾಲಯಕ್ಕೆ ಬರುವ ಮುದುಕರು, ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು, ಭಜನೆಯ ಮಹಿಳೆಯರು ಇಳಿಯುವುದು ಅದೇ ಸ್ಟಾಪಿನಲ್ಲಿ. ಮಳೆಗಾಲದಲ್ಲಿ ನಾಲೆಯ ಬದಿಗೆ ಮೊಣಕಾಲು ನೀರು ನಿಲ್ಲುವುದನ್ನು ಸಮಿತಿಯವರು ನೋಡಿಲ್ಲವೇ?

ನಾವು ಬರಿಯ ವಿರೋಧ ಮಾಡಿ ಕೂರುವವರಲ್ಲ. ಬೇರೆ ಠರಾವೊಂದನ್ನು ಬರೆದಿದ್ದೇವೆ. ಸ್ಟಾಪು ಇದ್ದಲ್ಲೇ ಇರಲಿ, ಅದಕ್ಕೆ ಸರಿಯಾದ ಸೂರು ಹಾಕಲಿ, ರಾ. 12-15ಕ್ಕೆ ಸ್ಟೇಷನ್ನಿಗೆ ಒಂದು ಬಸ್ಸು ಮತ್ತೆ ಆರಂಭವಾಗಲಿ. ಫುಟ್‌ಪಾತನ್ನು ನಡೆಯಲು ಬರುವಂತೆ ಮಾಡಲಿ. ಸರಕು ಇಳಿಸುವ ಟೆಂಪೋಗಳಿಗೆ ಬೆಳಗಿನ ಜಾವ ಒಂದು ಗೊತ್ತಾದ ಜಾಗ ಕೊಡಲಿ, ಏಕೆಂದರೆ ವಾಶಿಯಿಂದ ತರಕಾರಿ, ದಿನಸಿ ತರುವ ಟೆಂಪೋಗಳಿಗೆ ಜಾಗವಿಲ್ಲದಿರುವುದು ಹೋಟೆಲಿನವರ ನಿಜವಾದ ಕಷ್ಟ. ಅದನ್ನು ಒಪ್ಪುತ್ತೇವೆ. ಇಷ್ಟಕ್ಕೆ ಸಂಘದ ಮೊಹರು ಬೀಳಲಿ, ಸದಸ್ಯರ ಸಹಿಯೂ ಬೀಳಲಿ. ಹೋಟೆಲು ಬಂಧುಗಳು ನಾಲ್ವರಲ್ಲಿ ಒಬ್ಬರು ಈಗಾಗಲೇ ನಮ್ಮ ಕಾಗದವನ್ನು ಓದಿ, ‘ಟೆಂಪೋದ ಮಾತು ಸೇರಿಸಿದ್ದೀರಲ್ಲ, ನೋಡೋಣ’ ಎಂದಿದ್ದಾರೆ. ಚಹಾಕ್ಕೆ ಅಂದು ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನು ಶುಭಶಕುನವೆಂದು ತಿಳಿದಿದ್ದೇವೆ.

ಮನವಿಯ ಪ್ರತಿ ಸಂಘದ ಗ್ರಂಥಾಲಯದಲ್ಲಿ ವೃತ್ತಪತ್ರಿಕೆಗಳ ಮೇಜಿನ ಮೇಲಿದೆ. ಪ್ರತಿದಿನ ಸಂಜೆ ಆರರಿಂದ ಎಂಟೂವರೆಯವರೆಗೆ ಬಂದು ಓದಿ ಸಹಿ ಮಾಡಬಹುದು. ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಸದಸ್ಯರೆಲ್ಲ ಬರಬೇಕು. ಬಸ್ಸಿನಲ್ಲಿ ಬರುವವರು ಸಂಘದ ಎದುರಿಗೇ ಇಳಿಯಬಹುದು, ಸದ್ಯಕ್ಕೆ ಸ್ಟಾಪು ಅಲ್ಲೇ ಇದೆ.